ಆಂಡ್ರೂಸ್ ಗಂಜಿನ ಆಂಡ್ರೂಸರು

ನಾನು ಬಿ.ಕಾಂ. ವಿದ್ಯಾರ್ಥಿ. ಹತ್ತನೇ ಇಯತ್ತೆಯವರೆಗೆ ಧಾರವಾಡದ ಕಡೆಯ ಒಂದು ಹಳ್ಳಿಯ ಕನ್ನಡ ಸಾಲಿಯಲ್ಲಿ ಕಲಿತವನು. ದೊಡ್ಡವರ ಚರಿತ್ರೆ ಬರೆಯುವುದು ಸಾಹಿತ್ಯ ಓದುವವರ ಕೆಲಸ, ನನ್ನದು ಜಮಾ-ಖರ್ಚು ಹೊಂದಿಸುವ ಕೆಲಸ ಅಂತ ಸಂಘದ ಸಂಪಾದಕರಿಗೆ ಹೇಳಿ ನೋಡಿದೆ. ಅವರು ಬಿಡಲಿಲ್ಲ. ಕೊನೆಗೆ ದಿನಾ ಬಸ್ ಸ್ಟಾಪಿನಲ್ಲಿ ಕಾಣುವ ಹೆಸರನ್ನೇ ಹಿಡಿದುಕೊಂಡೆ.

ದಿಲ್ಲಿಯಲ್ಲಿ ನಾನಿರುವುದು ಸೋದರಮಾವನ ಸರ್ಕಾರಿ ಕ್ವಾರ್ಟರ್ಸಿನಲ್ಲಿ, ಆಂಡ್ರೂಸ್ ಗಂಜಿನಲ್ಲಿ. ಈ ಆಂಡ್ರೂಸ್ ಯಾರೋ ಬ್ರಿಟಿಷ್ ಲಾಟ್‌ಸಾಹೇಬ ಇರಬೇಕು ಅಂತ ಎರಡು ವರ್ಷ ತಿಳಿದಿದ್ದೆ. ಬ್ರಿಟಿಷರವರು ಅನ್ನುವುದು ಖರೆ, ಲಾಟ್‌ಸಾಹೇಬರಲ್ಲ.

ಇದು ಗೊತ್ತಾದದ್ದು ನನ್ನ ಗೆಳೆಯನಿಂದ. ಅವನು ಬೆಟಗೇರಿಯ ಕ್ರೈಸ್ತ. ಅವರದು ಮುತ್ತಜ್ಜನ ಕಾಲಕ್ಕೆ ಬಾಸೆಲ್ ಮಿಷನ್ನಿನ ಸಭೆಗೆ ಸೇರಿದ ಮನೆತನ, ಈಗ ಸಿ.ಎಸ್.ಐ. ಕಳೆದ ವರ್ಷ ಅವನ ಅಕ್ಕನಿಗೆ ಒಂದು ಸಂಬಂಧ ಬಂತು. ಹುಡುಗ ಒಳ್ಳೆಯವನು, ನೌಕರಿಯಿದೆ, ಕ್ರೈಸ್ತನೇ. ಆದರೆ ಬೇರೆ ಸಭೆ. ತಮ್ಮದು ಅಪೊಸ್ತಲರ ಕಾಲದ ಮೂಲ ಸಭೆಯ ಮಾದರಿ ಅನ್ನುವ ಜನ ಅವರು. ಅಕ್ಕ ಕೂಸಿದ್ದಾಗ ಆದ ದೀಕ್ಷಾಸ್ನಾನ ನಡೆಯುವುದಿಲ್ಲ, ಈಗ ಮತ್ತೊಮ್ಮೆ ನೀರಿನಲ್ಲಿ ಮುಳುಗಿ ತೆಗೆದುಕೊಳ್ಳಬೇಕು ಅಂದರು. ಹಾಗಾದರೆ ನಮ್ಮ ಅಜ್ಜ-ಮುತ್ತಜ್ಜರದೆಲ್ಲ ಸುಳ್ಳೇನು ಅಂತ ಗೆಳೆಯನ ಅಪ್ಪ ಸಿಟ್ಟಾದರು. ಮಾತು ಅಲ್ಲಿಗೇ ನಿಂತಿತು. ಒಂದು ರಾತ್ರಿ ಗೆಳೆಯ ನನ್ನನ್ನೇ ಕೇಳಿದ, ಇಷ್ಟು ಸಭೆಗಳಲ್ಲಿ ಮೂಲ ಸಭೆ ಯಾವುದು ಅಂತ. ನಾನು ಲಿಂಗಾಯತರ ಹುಡುಗ. ನಮ್ಮಲ್ಲೂ ಕಲ್ಯಾಣದ ಶರಣರ ಹಾದಿಗೆ ಮರಳಬೇಕು ಅನ್ನುವ ಮಾತಿದೆ, ನಮ್ಮದೇ ಆ ಹಾದಿ ಅನ್ನುವ ಜಗಳವೂ ಇದೆ. ನಾನೇನು ಹೇಳಲಿ? ಲೈಬ್ರರಿಯಲ್ಲಿ ಹುಡುಕುತ್ತಾ ಹೋದಾಗ ಸಿಕ್ಕವರು ಈ ಆಂಡ್ರೂಸರು.

ಚಾರ್ಲ್ಸ್ ಫ್ರೀಯರ್ ಆಂಡ್ರೂಸ್ ಹುಟ್ಟಿದ್ದು 1871ರ ಫೆಬ್ರುವರಿ 12ರಂದು, ಇಂಗ್ಲೆಂಡಿನ ನ್ಯೂಕಾಸಲ್ ಊರಿನಲ್ಲಿ. ಬೆಳೆದದ್ದು ಬರ್ಮಿಂಗ್‌ಹ್ಯಾಮಿನಲ್ಲಿ. ಹದಿನಾಲ್ಕು ಮಕ್ಕಳ ಮನೆ. ತಂದೆ ಕ್ಯಾಥೊಲಿಕ್ ಅಪೊಸ್ತಲಿಕ್ ಸಭೆ ಎಂಬ ಚಿಕ್ಕ ಪಂಗಡದ ಸಭಾಪಾಲಕರು. ಹೆಸರಿನಲ್ಲಿ ಕ್ಯಾಥೊಲಿಕ್ ಅಂತ ಇದ್ದರೂ ರೋಮಿನ ಪೋಪರಿಗೂ ಇದಕ್ಕೂ ಸಂಬಂಧವಿಲ್ಲ. 1830ರ ದಶಕದಲ್ಲಿ ಲಂಡನ್ನಿನಲ್ಲಿ ಎಡ್ವರ್ಡ್ ಅರ್ವಿಂಗ್ ಎಂಬ ಸ್ಕಾಟ್ಲೆಂಡಿನ ಬೋಧಕರ ಸುತ್ತ ಕೂಡಿದ ಜನರಿಂದ ಹುಟ್ಟಿದ ಪಂಗಡ ಇದು. ಕ್ರಿಸ್ತ ಬೇಗನೆ ಮರಳಿ ಬರುತ್ತಾನೆ, ಅಷ್ಟರೊಳಗೆ ಸಭೆ ಮೊದಲು ಇದ್ದ ಹಾಗೆ ಆಗಬೇಕು ಅನ್ನುವುದು ಅವರ ನಂಬಿಕೆ. ಯೇಸುವಿಗೆ ಹನ್ನೆರಡು ಮಂದಿ ಅಪೊಸ್ತಲರು ಇದ್ದರಲ್ಲ, ಹಾಗೆಯೇ 1835ರಲ್ಲಿ ಹನ್ನೆರಡು ಮಂದಿ ಹೊಸ ಅಪೊಸ್ತಲರನ್ನು ನಿಲ್ಲಿಸಿದರು. ಕ್ರೈಸ್ತ ದೇಶಗಳನ್ನು ಅವರಿಗೆ ಹಂಚಿಕೊಟ್ಟರು. ಊರೂರಿನ ಸಭೆಯ ಮುಖ್ಯಸ್ಥನಿಗೆ ದೂತ ಎಂಬ ಹೆಸರು. ಆಂಡ್ರೂಸರ ತಂದೆ ಅಂಥ ಒಬ್ಬ ದೂತರು.

ಪಾದ್ರಿಗಳಿಗೆ ಅಧಿಕಾರ ಕೊಡುವುದು ಅಪೊಸ್ತಲರ ಕೈಯಲ್ಲಿ. ಅಪೊಸ್ತಲರು ಒಬ್ಬೊಬ್ಬರಾಗಿ ತೀರಿಕೊಂಡರು. ಆ ಜಾಗ ತುಂಬಲಿಲ್ಲ, ಯಾಕೆಂದರೆ ಅಷ್ಟರಲ್ಲಿ ಕ್ರಿಸ್ತ ಬರಬೇಕಾಗಿತ್ತು. 1901ರಲ್ಲಿ ಕೊನೆಯವರೂ ಹೋದರು. ಆಮೇಲೆ ಹೊಸ ಪಾದ್ರಿಗಳನ್ನು ಮಾಡುವವರೇ ಇಲ್ಲ. ಹೊಸ ಪಾಲುದಾರರನ್ನು ಸೇರಿಸಿಕೊಳ್ಳುವ ಕಲಮೇ ಇಲ್ಲದ ಪಾಲುದಾರಿ ಕರಾರು ಅಂತ ನಮ್ಮ ವಾಣಿಜ್ಯದ ಭಾಷೆಯಲ್ಲಿ ಹೇಳಬಹುದು. ಆದರೆ ಇದನ್ನು ಓದಿ ನನಗೆ ನಗು ಬರಲಿಲ್ಲ. ಇಡೀ ಬಾಳನ್ನು ಒಂದು ಕಾಯುವಿಕೆಗೆ ಒಪ್ಪಿಸಿದ ಪ್ರಾಮಾಣಿಕ ಜನ ಅವರು.

ಮಗನೂ ಅದೇ ಸಭೆಯ ಸೇವೆಗೆ ಬರಲಿ ಅಂತ ತಂದೆಯ ಆಸೆ. ಮಗ ಕೇಂಬ್ರಿಜ್‌ನಲ್ಲಿ ಓದುತ್ತಾ ಓದುತ್ತಾ ಆ ನಂಬಿಕೆಯಿಂದ ದೂರವಾದರು. ಕ್ರಿಸ್ತನಿಂದ ದೂರವಾಗಲಿಲ್ಲ. ಮನೆಯಲ್ಲಿ ನೋವಾದರೂ ಇಂಗ್ಲೆಂಡಿನ ಆಂಗ್ಲಿಕನ್ ಸಭೆಗೆ ಸೇರಿ, 1897ರಲ್ಲಿ ಅಲ್ಲಿ ಪಾದ್ರಿಯಾದರು. ಲಂಡನ್ನಿನ ಬಡವರ ಕೇರಿಯಲ್ಲಿ ಕೆಲಸ ಮಾಡಿದರು. ದಿಲ್ಲಿಯಲ್ಲಿ ಮಿಷನ್ ಕೆಲಸಕ್ಕಿದ್ದ ಅವರ ಆಪ್ತ ಗೆಳೆಯ ಬೇಸಿಲ್ ವೆಸ್ಟ್‌ಕಾಟ್ 1900ರಲ್ಲಿ ಕಾಲರಾದಿಂದ ತೀರಿಕೊಂಡಿದ್ದರು. ಅವರು ಬಿಟ್ಟುಹೋದ ಕೆಲಸಕ್ಕೆ ಅಂತ ಆಂಡ್ರೂಸರು 1904ರ ಮಾರ್ಚಿನಲ್ಲಿ ದಿಲ್ಲಿಗೆ ಬಂದಿಳಿದರು.

ಆ ಕೇಂಬ್ರಿಜ್ ಮಿಷನ್ನಿನ ಹಿಂದೆಯೂ ಮೂಲ ಸಭೆಯ ಒಂದು ಕನಸಿತ್ತು. ಬೇಸಿಲ್‌ರ ತಂದೆ ಬಿಷಪ್ ವೆಸ್ಟ್‌ಕಾಟರ ಕನಸು ಅದು. ಮೊದಲ ಶತಮಾನಗಳಲ್ಲಿ ಈಜಿಪ್ತಿನ ಅಲೆಕ್ಸಾಂಡ್ರಿಯ ಪಟ್ಟಣದಲ್ಲಿ ಗ್ರೀಕರ ತತ್ತ್ವವೂ ಕ್ರೈಸ್ತ ವಿಚಾರವೂ ಎದುರುಬದುರು ಕೂತು ಮಾತಾಡಿದ ಹಾಗೆ, ದಿಲ್ಲಿಯಲ್ಲಿ ಭಾರತದ ಜ್ಞಾನದೊಡನೆ ಮಾತು ನಡೆಯಬೇಕು ಅಂತ. 1881ರಲ್ಲಿ ಐದೇ ವಿದ್ಯಾರ್ಥಿಗಳಿಂದ ಶುರುವಾದ ಸೇಂಟ್ ಸ್ಟೀಫನ್ಸ್ ಕಾಲೇಜು ಅದರ ಫಲ. ಆಂಡ್ರೂಸರ ಕಾಲಕ್ಕೆ ಅದು ಕಾಶ್ಮೀರಿ ಗೇಟಿನಲ್ಲಿತ್ತು. ಆ ಹಳೇ ಕಟ್ಟಡದಲ್ಲಿ ಈಗ ಚುನಾವಣಾಧಿಕಾರಿಗಳ ಕಚೇರಿ ಇದೆ. ಗೆಳೆಯನೂ ನಾನೂ ಮೆಟ್ರೋ ಹತ್ತಿ ಹೋಗಿ ಹೊರಗಿನಿಂದ ನೋಡಿ ಬಂದೆವು.

ಕನಸು ದೊಡ್ಡದು. ಆದರೆ ಊರಿನಲ್ಲಿ ಆಳುವ ಬಿಳಿಯರು ಒಂದು ಕಡೆ, ಕಂದುಬಣ್ಣದವರು ಒಂದು ಕಡೆ. ಒಂದೇ ದೇವರಿಗೆ ಮೊಣಕಾಲೂರುವವರು ಕೂಡ ಒಂದೇ ಮೇಜಿಗೆ ಕೂರುವುದಿಲ್ಲ. 1906ರಲ್ಲಿ ಕಾಲೇಜಿಗೆ ಪ್ರಿನ್ಸಿಪಾಲರು ಬೇಕಾದರು. ಇಪ್ಪತ್ತು ವರ್ಷದಿಂದ ಅಲ್ಲೇ ಪಾಠ ಹೇಳುತ್ತಿದ್ದ ಬಂಗಾಳದ ಸುಶೀಲ ಕುಮಾರ ರುದ್ರರು ಇದ್ದರು. ಆದರೂ ಹಿರಿಯರ ಮನಸ್ಸು ಬಂದು ಎರಡೇ ವರ್ಷವಾದ ಆಂಡ್ರೂಸರ ಕಡೆಗೆ. ಆಂಡ್ರೂಸರು ಒಪ್ಪಲಿಲ್ಲ, ರುದ್ರರೇ ಆಗಬೇಕು ಅಂತ ಹಟ ಹಿಡಿದರು. ರುದ್ರರು ಆ ಕಾಲೇಜಿನ ಮೊದಲ ಭಾರತೀಯ ಪ್ರಿನ್ಸಿಪಾಲರಾದರು. ಅವರ ಕೈಕೆಳಗೆ ಆಂಡ್ರೂಸರು ಸಂತೋಷದಿಂದ ದುಡಿದರು. ಅವರ ಮನೆಯೇ ಇವರ ಮನೆಯಾಯಿತು.

ಮೂಲ ಸಭೆಯ ಹಂಬಲ ಮಾತ್ರ ಆರಿರಲಿಲ್ಲ. 1910ರ ಸುಮಾರಿಗೆ ಅಮೆರಿಕದ ಸ್ಯಾಮ್ಯುವೆಲ್ ಸ್ಟೋಕ್ಸರು ಸಿಮ್ಲಾ ಬೆಟ್ಟದಲ್ಲಿ ಒಂದು ಸೋದರ ಸಂಘ ಕಟ್ಟಿದರು. ಆಸ್ತಿ ಇಲ್ಲ, ಕುಷ್ಠರೋಗಿಗಳ ಸೇವೆ, ಯೇಸುವಿನ ಹಾಗೆ ಬಾಳುವುದು. ಆಂಡ್ರೂಸರೂ ಅದಕ್ಕೆ ಸೇರಿದರು. ಎರಡು ವರ್ಷದಲ್ಲಿ ಸಂಘ ಮುಗಿಯಿತು. ಸ್ಟೋಕ್ಸರು ಮದುವೆಯಾಗಿ ಕೋಟ್‌ಗಢದಲ್ಲಿ ನೆಲೆಸಿದರು. ಅವರು ಅಲ್ಲಿ ನೆಟ್ಟ ಸೇಬು ಆ ಬೆಟ್ಟದ ರೈತರ ಬಾಳನ್ನೇ ಬದಲಿಸಿತು ಅನ್ನುವುದು ಬೇರೆ ಕತೆ.

1914ರ ಜನವರಿ. ಗೋಖಲೆಯವರ ಮಾತಿನಂತೆ ಆಂಡ್ರೂಸರು ಗೆಳೆಯ ಪಿಯರ್ಸನ್ನರ ಜೊತೆ ದಕ್ಷಿಣ ಆಫ್ರಿಕದ ಡರ್ಬನ್ನಿಗೆ ಹೋದರು. ಬಂದರಿನಲ್ಲಿ ಗಾಂಧಿಯವರನ್ನು ಕಂಡವರೇ ಬಗ್ಗಿ ಅವರ ಪಾದ ಮುಟ್ಟಿದರು. ಬಿಳಿಯ ಪಾದ್ರಿ ಕರಿಯನ ಕಾಲು ಮುಟ್ಟಿದನಲ್ಲ ಅಂತ ಅಲ್ಲಿನ ಬಿಳಿಯರು ಕೆಂಡವಾದರು. ಮುಂದೆ ಆಂಡ್ರೂಸರು ಬಿಳಿಯರ ಒಂದು ಚರ್ಚಿನಲ್ಲಿ ಪ್ರಸಂಗ ಮಾಡಿದರು. ಅದನ್ನು ಕೇಳಲು ಗಾಂಧಿಯವರು ಬಂದರಂತೆ. ಬಣ್ಣ ನೋಡಿ ಬಾಗಿಲಲ್ಲೇ ತಡೆದು ಕಳಿಸಿದರು. ಒಳಗೆ ಪ್ರಸಂಗ ಮಾಡುತ್ತಿದ್ದವರಿಗೆ ಇದು ತಿಳಿದದ್ದು ಆಮೇಲೆ, ಪಿಯರ್ಸನ್ನರಿಂದ.

ಇಲ್ಲಿ ನಾನು ಪುಸ್ತಕ ಮುಚ್ಚಿಟ್ಟು ತುಸು ಹೊತ್ತು ಕೂತೆ. ಗೆಳೆಯನಿಂದ ಇಸಕೊಂಡ ಬೈಬಲ್ಲಿನಲ್ಲಿ ಅಂತಿಯೋಕ್ಯ ಪಟ್ಟಣದ ಒಂದು ಪ್ರಸಂಗ ಬರುತ್ತದೆ. ಅನ್ಯಜನರಿಂದ ಬಂದ ವಿಶ್ವಾಸಿಗಳ ಜೊತೆ ಉಣ್ಣುತ್ತಿದ್ದ ಪೇತ್ರ, ಯೆರೂಸಲೇಮಿನಿಂದ ಯೆಹೂದ್ಯರು ಬಂದ ಕೂಡಲೇ ಅಂಜಿ ಹಿಂದೆ ಸರಿದ. ಪೌಲ ಅವನನ್ನು ಎಲ್ಲರೆದುರು ತರಾಟೆಗೆ ತೆಗೆದುಕೊಂಡ. ಅಂದರೆ ಮೂಲ ಸಭೆಯಲ್ಲೂ ಜಗಳವಿತ್ತು. ಜಗಳ ಯಾರ ಜೊತೆ ಉಣ್ಣಬೇಕು ಅನ್ನುವುದರ ಮೇಲೆ.

ಅದೇ ವರ್ಷ ಆಂಡ್ರೂಸರು ಪಾದ್ರಿಯ ಅಧಿಕಾರದ ಕೆಲಸಗಳನ್ನು ನಿಲ್ಲಿಸಿ, ದಿಲ್ಲಿ ಬಿಟ್ಟು, ರವೀಂದ್ರರ ಶಾಂತಿನಿಕೇತನಕ್ಕೆ ಹೋದರು. 1915ರಲ್ಲೂ 1917ರಲ್ಲೂ ಫಿಜಿ ದ್ವೀಪಕ್ಕೆ ಹೋಗಿ, ಐದು ವರ್ಷದ ಕರಾರಿಗೆ ಹೆಬ್ಬೆಟ್ಟು ಒತ್ತಿ ಕಬ್ಬಿನ ಗದ್ದೆಗೆ ಬಿದ್ದ ನಮ್ಮ ಕೂಲಿಗಳ ಸ್ಥಿತಿಯನ್ನು ಕಂಡು ವರದಿ ಬರೆದರು. 1920ರ ಜನವರಿ 1ರಂದು ಅಲ್ಲಿ ಉಳಿದಿದ್ದ ಕರಾರುಗಳೆಲ್ಲ ರದ್ದಾದವು. ಜನ ಅವರನ್ನು ದೀನಬಂಧು ಅಂತ ಕರೆದರು. ಕ್ರಿಸ್ತನನ್ನು ಅವರು ಕೊನೆಯವರೆಗೂ ಬಿಡಲಿಲ್ಲ. ಮುಪ್ಪಿನಲ್ಲಿ ಪಾದ್ರಿಯ ಸೇವೆಗೂ ಮರಳಿದರು. 1940ರ ಏಪ್ರಿಲ್ 5ರಂದು ಕಲಕತ್ತೆಯಲ್ಲಿ ತೀರಿಕೊಂಡರು.

ಆಮೇಲೆ 1947ರಲ್ಲಿ ದಕ್ಷಿಣದಲ್ಲಿ, 1970ರಲ್ಲಿ ಉತ್ತರದಲ್ಲಿ ಹಲವು ಪಂಗಡಗಳು ಕೂಡಿ ಒಂದೊಂದು ಸಭೆಯಾದವು. ಆದರೂ ಗೆಳೆಯನ ಅಕ್ಕನ ಮದುವೆ ಇನ್ನೂ ತೂಗಾಡುತ್ತಲೇ ಇದೆ. ಯಾವ ಸಭೆ ಮೂಲದ್ದು ಅಂತ ಹೇಳಲು ನಾನು ಯಾರು? ಆದರೆ ತಂದೆ ಪದವಿಗಳಲ್ಲಿ ಹುಡುಕಿದ್ದನ್ನು ಮಗ ಪಂಕ್ತಿಯಲ್ಲಿ ಹುಡುಕಿದರು ಅಂತ ನನಗೆ ಅನ್ನಿಸಿತು. ಬಾಗಿಲ ಹೊರಗೆ ನಿಂತವರು ಯಾರು ಅಂತ ಮೊದಲು ನೋಡಬೇಕು.

ಇದನ್ನು ಬರೆಯುವಾಗ ನನ್ನ ಲೆಕ್ಕವನ್ನೂ ತೋರಿಸಬೇಕು. ಹೋದ ದಸರೆಗೆ ಇದೇ ಗೆಳೆಯನನ್ನು ಊರಿಗೆ ಕರೆದುಕೊಂಡು ಹೋಗಿದ್ದೆ. ನಮ್ಮ ಅಜ್ಜಿ ಅವನಿಗೆ ಹೊರಗಿನ ಕಟ್ಟೆಯ ಮೇಲೆ, ಬೇರೆ ತಾಟಿನಲ್ಲಿ ಬಡಿಸಿದರು. ದಾಸೋಹದ ಮಾತಾಡುವ ಮನೆ ನಮ್ಮದು. ನಾನು ಒಳಗೆ ಪಡಸಾಲೆಯಲ್ಲಿ ಕೂತು ಉಂಡೆ. ಒಂದು ಮಾತೂ ಆಡಲಿಲ್ಲ. ಅವನೂ ಆಡಲಿಲ್ಲ, ಹೋಳಿಗೆ ಚೊಲೋ ಆಗಿದ್ದವು ಅಂತಷ್ಟೇ ಅಂದ.

ಮೊನ್ನೆ ಅವ್ವನಿಗೆ ಫೋನ್ ಮಾಡಿ, ಈ ಸಲ ಅವನು ಬಂದರೆ ನಾವಿಬ್ಬರೂ ಒಂದೇ ಸಾಲಿನಲ್ಲಿ ಕೂರುತ್ತೇವೆ, ಒಳಗಾದರೂ ಸರಿ, ಕಟ್ಟೆಯಾದರೂ ಸರಿ ಅಂತ ಹೇಳಿದೆ. ಅವ್ವ ಸುಮ್ಮನಿದ್ದು, ಅಜ್ಜಿಗೆ ನೀನೇ ಹೇಳು ಅಂದಳು. ಅಜ್ಜಿಗೆ ಇನ್ನೂ ಹೇಳಬೇಕು. ಗೆಳೆಯನಿಗೂ ಹೇಳಿಲ್ಲ. ಇದನ್ನು ಓದಿದ ಮೇಲೆ ಬರುತ್ತಾನೋ ಇಲ್ಲವೋ ನೋಡಬೇಕು.