ವಿಜ್ಞಾನಿ ಕಾರ್ಲ್ ಸೇಗನ್

ನಿರ್ಮಲವಾದ ರಾತ್ರಿಯಲ್ಲಿ ಆಕಾಶವನ್ನು ನೋಡುವವರ ಮನಸ್ಸಿನಲ್ಲಿ ಸಹಜವಾಗಿ ಮೂಡುವ ಪ್ರಶ್ನೆಯೊಂದುಂಟು. ಭೂಮಿಯಲ್ಲಿರುವಂತೆ ಅನ್ಯಲೋಕಗಳಲ್ಲಿಯೂ ಜೀವವಿರಬಹುದೇ? ಈ ಪ್ರಶ್ನೆಗೆ ಕವಿಗಳು ಕಲ್ಪನೆಯಿಂದಲೂ ದಾರ್ಶನಿಕರು ತರ್ಕದಿಂದಲೂ ಉತ್ತರ ಹೇಳಿದ್ದಾರೆ. ಪ್ರಯೋಗಶಾಲೆಯ ಗಾಜಿನ ಪಾತ್ರೆಯಲ್ಲಿ ಅದಕ್ಕೆ ಉತ್ತರವನ್ನು ಅರಸಿದ ವಿಜ್ಞಾನಿಗಳಲ್ಲಿ ಅಮೆರಿಕದ ಕಾರ್ಲ್ ಸೇಗನ್ ಪ್ರಮುಖರು.

ಸೇಗನ್ 1934ರ ನವೆಂಬರ್ 9ರಂದು ನ್ಯೂಯಾರ್ಕ್ ನಗರದ ಬ್ರೂಕ್ಲಿನ್‌ನಲ್ಲಿ ಜನಿಸಿದರು. ತಂದೆ ಸ್ಯಾಮ್ಯುಯೆಲ್ ರಷ್ಯಾ ಸಾಮ್ರಾಜ್ಯದಿಂದ ವಲಸೆ ಬಂದವರು. ಉಡುಪು ತಯಾರಿಕೆಯ ಉದ್ಯಮದಲ್ಲಿ ದುಡಿಯುತ್ತಿದ್ದರು. ತಾಯಿಯ ಹೆಸರು ರೇಚಲ್. ಬಾಲಕ ಕಾರ್ಲ್‌ಗೆ ನಕ್ಷತ್ರಗಳೆಂದರೆ ಏನೆಂದು ತಿಳಿಯುವ ತವಕ. ಒಮ್ಮೆ ಅವನು ಗ್ರಂಥಾಲಯಕ್ಕೆ ಹೋಗಿ ತಾರೆಗಳ ಬಗೆಗೆ ಪುಸ್ತಕ ಬೇಕೆಂದು ಕೇಳಿದಾಗ, ಅಲ್ಲಿನವರು ಚಲನಚಿತ್ರ ತಾರೆಯರ ಪುಸ್ತಕವನ್ನು ತಂದುಕೊಟ್ಟರಂತೆ! ತನಗೆ ಬೇಕಾದುದು ಅದಲ್ಲವೆಂದು ತಿಳಿಸಿ, ಸರಿಯಾದ ಪುಸ್ತಕವನ್ನು ಪಡೆದು ಓದಿದ ಬಾಲಕನಿಗೆ ವಿಸ್ಮಯವೊಂದು ಕಾದಿತ್ತು. ಪ್ರತಿಯೊಂದು ನಕ್ಷತ್ರವೂ ಬಹುದೂರದಲ್ಲಿರುವ ಒಬ್ಬ ಸೂರ್ಯ ಎಂಬ ಸಂಗತಿ ಅವನ ಮನಸ್ಸಿನಲ್ಲಿ ಅಚ್ಚೊತ್ತಿತು.

ಸೇಗನ್ ಉನ್ನತ ವ್ಯಾಸಂಗಕ್ಕೆ ಷಿಕಾಗೊ ವಿಶ್ವವಿದ್ಯಾಲಯವನ್ನು ಸೇರಿದರು. ಅವರು ಅಲ್ಲಿ ಓದುತ್ತಿದ್ದಾಗಲೇ, 1953ರಲ್ಲಿ, ಸ್ಟ್ಯಾನ್ಲಿ ಮಿಲ್ಲರ್ ಎಂಬ ಯುವ ಸಂಶೋಧಕ ತನ್ನ ಗುರು ಹೆರಾಲ್ಡ್ ಯೂರಿಯ ಮಾರ್ಗದರ್ಶನದಲ್ಲಿ ನಡೆಸಿದ ಪ್ರಯೋಗವೊಂದು ಪ್ರಕಟವಾಯಿತು. ಮಿಥೇನ್, ಅಮೋನಿಯ, ಜಲಜನಕ ಮತ್ತು ನೀರಾವಿಗಳನ್ನು ಗಾಜಿನ ಉಪಕರಣದಲ್ಲಿ ತುಂಬಿ, ಅದರಲ್ಲಿ ವಿದ್ಯುತ್ ಕಿಡಿಗಳನ್ನು ಹಾಯಿಸಿದಾಗ, ಜೀವಿಗಳ ದೇಹದಲ್ಲಿರುವ ಅಮೈನೋ ಆಮ್ಲಗಳು ತಾವಾಗಿ ಉಂಟಾಗಿದ್ದವು. ಈ ಪ್ರಯೋಗ ಸೇಗನ್‌ರ ಆಲೋಚನೆಗೆ ಹೊಸ ದಿಕ್ಕನ್ನು ತೋರಿಸಿತು. ಭೂಮಿಯಲ್ಲಿ ನಡೆದುದು ಅನ್ಯ ಗ್ರಹಗಳಲ್ಲಿಯೂ ಏಕೆ ನಡೆಯಬಾರದು ಎಂದು ಅವರು ಚಿಂತಿಸಿದರು.

ಸೇಗನ್‌ರಿಗೆ ಗುರುಗಳಾಗಿ ದೊರೆತವರು ಜೆರಾರ್ಡ್ ಕೈಪರ್. ಶನಿಗ್ರಹದ ಅತಿ ದೊಡ್ಡ ಉಪಗ್ರಹವಾದ ಟೈಟನ್‌ನ ವಾತಾವರಣದಲ್ಲಿ ಮಿಥೇನ್ ಅನಿಲವಿದೆಯೆಂಬುದನ್ನು 1944ರಲ್ಲಿ ಕಂಡುಹಿಡಿದ ಖ್ಯಾತಿ ಕೈಪರ್ ಅವರದು. ಅವರ ಬಳಿ ಸಂಶೋಧನೆ ನಡೆಸಿ ಸೇಗನ್ 1960ರಲ್ಲಿ ಡಾಕ್ಟರೇಟ್ ಪದವಿಯನ್ನು ಪಡೆದರು. ಶುಕ್ರಗ್ರಹದ ದಟ್ಟವಾದ ವಾತಾವರಣವು ಶಾಖವನ್ನು ಹೊರಬಿಡದೆ ಹಿಡಿದಿಟ್ಟು, ಅದರ ನೆಲವನ್ನು ಕುಲುಮೆಯಂತೆ ಕಾಯಿಸಿದೆ ಎಂದು ಅವರು ಪ್ರತಿಪಾದಿಸಿದರು. 1962ರಲ್ಲಿ ಶುಕ್ರನ ಬಳಿ ಸಾಗಿದ ಮ್ಯಾರಿನರ್-2 ನೌಕೆಯ ಅಳತೆಗಳು ಆ ನೆಲ ಅತ್ಯುಷ್ಣವೆಂಬುದನ್ನು ಸಮರ್ಥಿಸಿದವು. ಜೀವವನ್ನು ಅರಸಿ ಹೊರಟ ಸೇಗನ್, ಹೀಗೆ ನಮ್ಮ ನೆರೆಯ ಗ್ರಹವೊಂದರ ನೆಲದಲ್ಲಿ ಜೀವವಿರುವುದು ಅಸಂಭವವೆಂಬ ನಿರ್ಣಯಕ್ಕೆ ಬಂದರು. ತಮಗೆ ಪ್ರಿಯವಾದ ಆಶೆಯನ್ನು ಸತ್ಯದ ಮುಂದೆ ಬಿಟ್ಟುಕೊಡುವ ಧೈರ್ಯ ಅವರಲ್ಲಿತ್ತು.

ಅವರ ದಾರಿ ಹೂವಿನ ಹಾಸಿಗೆಯಾಗಿರಲಿಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಅವರಿಗೆ ಕಾಯಂ ಹುದ್ದೆ ದೊರೆಯಲಿಲ್ಲ. ಅನ್ಯಲೋಕದ ಜೀವಿಗಳ ವಿಚಾರವನ್ನು ಗಂಭೀರ ವಿಜ್ಞಾನವೆಂದು ಒಪ್ಪದ ವಿದ್ವಾಂಸರು ಆಗ ಅನೇಕರಿದ್ದರು. 1968ರಲ್ಲಿ ಸೇಗನ್ ಕಾರ್ನೆಲ್ ವಿಶ್ವವಿದ್ಯಾಲಯವನ್ನು ಸೇರಿ, ಕಡೆಯವರೆಗೂ ಅಲ್ಲಿಯೇ ಸೇವೆ ಸಲ್ಲಿಸಿದರು. 1976ರಲ್ಲಿ ಮಂಗಳಗ್ರಹದ ಮೇಲಿಳಿದ ಎರಡು ವೈಕಿಂಗ್ ನೌಕೆಗಳ ಯೋಜನೆಯಲ್ಲಿ ಅವರೂ ಪಾಲುಗೊಂಡಿದ್ದರು. ಆ ನೌಕೆಗಳ ಉಪಕರಣಗಳು ಜೀವದ ಖಚಿತ ಕುರುಹನ್ನು ಕಾಣಿಸಲಿಲ್ಲ. ಬಹುಕಾಲದ ನಿರೀಕ್ಷೆ ಈಡೇರದಿದ್ದರೂ ಸೇಗನ್ ಹುಡುಕಾಟವನ್ನು ಕೈಬಿಡಲಿಲ್ಲ.

ಕಾರ್ನೆಲ್‌ನ ಪ್ರಯೋಗಶಾಲೆಯಲ್ಲಿ ಸೇಗನ್‌ರಿಗೆ ಅನೇಕ ವರ್ಷಗಳ ಕಾಲ ಜತೆಗಾರರಾಗಿದ್ದವರು ಭಾರತ ಮೂಲದ ವಿಜ್ಞಾನಿ ಬಿಷುನ್ ಖರೆ. ಇವರಿಬ್ಬರೂ ಬೇರೆ ಬೇರೆ ಲೋಕಗಳಲ್ಲಿರಬಹುದಾದ ಅನಿಲಗಳ ಮಿಶ್ರಣಗಳನ್ನು ಪಾತ್ರೆಗಳಲ್ಲಿ ತುಂಬಿ, ಅವುಗಳ ಮೇಲೆ ಅತಿನೇರಳೆ ಕಿರಣಗಳನ್ನೋ ವಿದ್ಯುತ್ ಕಿಡಿಗಳನ್ನೋ ಹಾಯಿಸುತ್ತಿದ್ದರು. ಪ್ರಯೋಗ ಮುಗಿದಾಗ ಪಾತ್ರೆಯ ಒಳಮೈಗೆ ಕಂದು ಬಣ್ಣದ, ಕೆಲವೊಮ್ಮೆ ಅಂಟಂಟಾದ ಪದಾರ್ಥವೊಂದು ಮೆತ್ತಿಕೊಂಡಿರುತ್ತಿತ್ತು. ನೋಡುವವರಿಗೆ ತೊಳೆದು ಚೆಲ್ಲಬೇಕಾದ ಕೊಳೆಯಂತೆ ಕಾಣುತ್ತಿದ್ದ ಆ ಪದಾರ್ಥದಲ್ಲಿ ಇಂಗಾಲ, ಜಲಜನಕ, ಸಾರಜನಕಗಳಿಂದ ಕೂಡಿದ ಅಸಂಖ್ಯಾತ ಬಗೆಯ ಸಂಕೀರ್ಣ ಅಣುಗಳು ಬೆರೆತಿದ್ದವು.

ಅದನ್ನು ಯಾವುದಾದರೂ ಒಂದು ಸಂಯುಕ್ತದ ಹೆಸರಿನಿಂದ ಕರೆಯುವಂತಿರಲಿಲ್ಲ. ಜೀವವಸ್ತುವೆಂದು ಹೇಳಿಬಿಟ್ಟರೆ ಅದು ಸುಳ್ಳಾಗುತ್ತಿತ್ತು. ಆದುದರಿಂದ 1979ರಲ್ಲಿ ಸೇಗನ್ ಮತ್ತು ಖರೆ ಅದಕ್ಕೆ ಥೋಲಿನ್ ಎಂಬ ಹೊಸ ಹೆಸರನ್ನಿಟ್ಟರು. ಕೆಸರಿನಂತೆ ಕದಡಿದುದು ಎಂಬ ಅರ್ಥದ ಗ್ರೀಕ್ ಪದದಿಂದ ಈ ಹೆಸರು ಹುಟ್ಟಿತು. ತಿಳಿದಿರುವಷ್ಟನ್ನೇ ಹೇಳಿ, ತಿಳಿಯದುದನ್ನು ಮುಂದಿನ ಪರೀಕ್ಷೆಗೆ ಬಿಟ್ಟ ಹೆಸರು ಅದು.

ಮರುವರ್ಷವೇ ಈ ಕೆಲಸದ ಮಹತ್ವ ಬೆಳಕಿಗೆ ಬಂದಿತು. 1980ರ ನವೆಂಬರ್ 12ರಂದು ವಾಯೇಜರ್-1 ನೌಕೆ ಟೈಟನ್‌ನ ಸಮೀಪದಲ್ಲಿ ಹಾದುಹೋಯಿತು. ಅದರ ಕ್ಯಾಮರಾಗಳಿಗೆ ಟೈಟನ್‌ನ ನೆಲ ಕಾಣಲೇ ಇಲ್ಲ. ಕಿತ್ತಳೆ ಬಣ್ಣದ ಮಬ್ಬು ಇಡೀ ಉಪಗ್ರಹವನ್ನು ಮುಸುಕಿತ್ತು. ಅಲ್ಲಿಯ ವಾತಾವರಣದಲ್ಲಿ ಸಾರಜನಕವೇ ಪ್ರಧಾನವೆಂದೂ ಮಿಥೇನ್ ಸ್ವಲ್ಪ ಪ್ರಮಾಣದಲ್ಲಿದೆಯೆಂದೂ ತಿಳಿದುಬಂದಿತು. ಸೇಗನ್ ಮತ್ತು ಅವರ ಸಂಗಡಿಗರು ಒಂಬತ್ತು ಪಾಲು ಸಾರಜನಕಕ್ಕೆ ಒಂದು ಪಾಲು ಮಿಥೇನನ್ನು ಬೆರೆಸಿ, ಕಡಿಮೆ ಒತ್ತಡದಲ್ಲಿ ವಿದ್ಯುತ್ತನ್ನು ಹಾಯಿಸಿ ಥೋಲಿನ್ ತಯಾರಿಸಿದರು. ಅದು ಬೆಳಕನ್ನು ಹೀರುವ ರೀತಿಯನ್ನು ಅಳೆದು, 1984ರಲ್ಲಿ ಪ್ರಕಟಿಸಿದರು. ಟೈಟನ್‌ನ ಮಬ್ಬು ಬೆಳಕನ್ನು ಹೀರುವ ರೀತಿಗೂ ಇದಕ್ಕೂ ಗಮನಾರ್ಹವಾದ ಸಾಮ್ಯವಿತ್ತು.

ಟೈಟನ್‌ನಲ್ಲಿ ನಡೆಯುತ್ತಿರುವುದೇನು? ಸೂರ್ಯನ ಅತಿನೇರಳೆ ಕಿರಣಗಳೂ ವಿದ್ಯುದಾವೇಶವುಳ್ಳ ಕಣಗಳೂ ಮೇಲಣ ವಾತಾವರಣದ ಸಾರಜನಕ ಮತ್ತು ಮಿಥೇನ್ ಅಣುಗಳನ್ನು ಒಡೆಯುತ್ತವೆ. ಒಡೆದ ಚೂರುಗಳು ಹೊಸ ರೀತಿಯಲ್ಲಿ ಕೂಡಿಕೊಂಡು ದೊಡ್ಡ ಅಣುಗಳಾಗುತ್ತವೆ. ಅವು ಒಟ್ಟುಗೂಡಿ ಕಣಗಳಾಗಿ ಮೆಲ್ಲಮೆಲ್ಲನೆ ನೆಲಕ್ಕಿಳಿಯುತ್ತವೆ. ಆ ನೆಲದ ಉಷ್ಣತೆ ಸೊನ್ನೆಗಿಂತ ಸುಮಾರು 180 ಡಿಗ್ರಿ ಸೆಲ್ಸಿಯಸ್ ಕೆಳಗಿದೆ. ಅಲ್ಲಿ ನೀರು ಕಲ್ಲಿನಂತೆ ಹೆಪ್ಪುಗಟ್ಟಿರುವುದರಿಂದ ರಾಸಾಯನಿಕ ಕ್ರಿಯೆ ಮುಂದುವರಿಯುವುದು ಕಷ್ಟ. ಆದರೆ ಸೇಗನ್‌ರ ತಂಡ ಥೋಲಿನ್ನನ್ನು ಆಮ್ಲದ ದ್ರಾವಣದಿಂದ ಸಂಸ್ಕರಿಸಿದಾಗ ಅದರಿಂದ ಹಲವು ಅಮೈನೋ ಆಮ್ಲಗಳು ದೊರೆತವು. ಧೂಮಕೇತುವೊಂದು ಅಪ್ಪಳಿಸಿ ಹಿಮ ಕರಗಿದ ಕಡೆ ಇಂಥ ಕ್ರಿಯೆ ಟೈಟನ್‌ನಲ್ಲಿಯೂ ನಡೆದಿರಬಹುದೆಂದು ಅವರು ಊಹಿಸಿದರು. ಹೈಡ್ರೊಕಾರ್ಬನ್‌ಗಳು ಬೆರೆತ ಹಿಮವನ್ನು ಕಣಗಳ ತಾಡನಕ್ಕೆ ಒಡ್ಡಿದಾಗ ಅಲ್ಲಿಯೂ ಥೋಲಿನ್ ಉಂಟಾಗುವುದನ್ನು ಅವರು ತೋರಿಸಿದರು. ದೂರದ ಹಿಮಲೋಕಗಳ ಕೆಂಗಂದು ಬಣ್ಣಕ್ಕೆ ಇದರಿಂದ ಒಂದು ವಿವರಣೆ ದೊರೆಯಿತು.

ವಿಜ್ಞಾನ ಪಂಡಿತರ ಸೊತ್ತಾಗಿ ಉಳಿಯಬಾರದೆಂಬುದು ಸೇಗನ್‌ರ ದೃಢವಾದ ನಂಬಿಕೆ. ಅವರ ಗ್ರಂಥವೊಂದಕ್ಕೆ 1978ರಲ್ಲಿ ಪುಲಿಟ್ಜರ್ ಪ್ರಶಸ್ತಿ ಸಂದಿತು. 1980ರಲ್ಲಿ ಪ್ರಸಾರವಾದ ಕಾಸ್ಮಾಸ್ ಎಂಬ ಹದಿಮೂರು ಕಂತುಗಳ ದೂರದರ್ಶನ ಮಾಲಿಕೆ ಅವರನ್ನು ಮನೆಮಾತಾಗಿಸಿತು. ಕಡೆಯ ವರ್ಷಗಳಲ್ಲಿ ಅಸ್ಥಿಮಜ್ಜೆಯ ರೋಗ ಅವರನ್ನು ಬಾಧಿಸಿತು. 1996ರ ಡಿಸೆಂಬರ್ 20ರಂದು, 62ನೆಯ ವಯಸ್ಸಿನಲ್ಲಿ ಅವರು ಸಿಯಾಟಲ್ ನಗರದಲ್ಲಿ ನಿಧನರಾದರು.

ಅವರು ನಿಧನರಾದ ಮರುವರ್ಷ ಕ್ಯಾಸಿನಿ ನೌಕೆ ಶನಿಯತ್ತ ಪಯಣ ಹೊರಟಿತು. ಅದು ಹೊತ್ತೊಯ್ದ ಹೈಗೆನ್ಸ್ ಶೋಧಕ 2005ರ ಜನವರಿ 14ರಂದು ಕಿತ್ತಳೆ ಮಬ್ಬನ್ನು ಭೇದಿಸಿ ಟೈಟನ್‌ನ ನೆಲದ ಮೇಲಿಳಿಯಿತು. ಇಳಿಯುವ ದಾರಿಯಲ್ಲಿ ಮಬ್ಬಿನ ಕಣಗಳನ್ನು ಹಿಡಿದು ಕಾಯಿಸಿದಾಗ ಅಮೋನಿಯ ಮತ್ತು ಹೈಡ್ರೊಜನ್ ಸಯನೈಡ್ ಹೊರಬಂದವು. ಆ ಕಣಗಳು ಸಾರಜನಕವನ್ನು ಒಳಗೊಂಡ ಸಂಕೀರ್ಣ ಸಾವಯವ ಪದಾರ್ಥವೆಂಬುದಕ್ಕೆ ಇದು ಸಾಕ್ಷ್ಯವಾಯಿತು. 2015ರಲ್ಲಿ ನ್ಯೂ ಹೊರೈಜನ್ಸ್ ನೌಕೆ ಪ್ಲೂಟೊವಿನ ಮೇಲೆ ಕೆಂಗಂದು ಪ್ರದೇಶಗಳನ್ನು ಕಂಡಾಗ, ವಿಜ್ಞಾನಿಗಳು ಅವನ್ನು ವಿವರಿಸಲು ಸೇಗನ್ ಮತ್ತು ಖರೆ ನೀಡಿದ ಹೆಸರನ್ನೇ ಬಳಸಿದರು.

ಅನ್ಯಲೋಕದಲ್ಲಿ ಜೀವವನ್ನು ಕಾಣುವ ಭಾಗ್ಯ ಸೇಗನ್‌ರಿಗೆ ದೊರೆಯಲಿಲ್ಲ. ಕಾಣದುದನ್ನು ಕಂಡೆನೆಂದು ಅವರು ಹೇಳಲೂ ಇಲ್ಲ. ಜೀವದ ಕಚ್ಚಾ ಸಾಮಗ್ರಿ ಶೀತಲವಾದ ದೂರದ ಲೋಕಗಳಲ್ಲಿಯೂ ಸಹಜವಾಗಿ ಸಿದ್ಧವಾಗಬಲ್ಲದು ಎಂಬುದನ್ನು ತೋರಿಸಿಕೊಟ್ಟು, ಮುಂದಿನ ಹಾದಿಯನ್ನು ಕಿರಿಯರಿಗೆ ಬಿಟ್ಟುಹೋದರು. ಹಿರಿದಾದ ಆಶೆಯನ್ನೂ ಕಠಿಣವಾದ ಪ್ರಾಮಾಣಿಕತೆಯನ್ನೂ ಒಂದೇ ಬಾಳಿನಲ್ಲಿ ಕೂಡಿಸಿಕೊಂಡುದು ಅವರ ಹಿರಿಮೆ.