ಹೊಗೆಯ ಬಲ ಅರಿತ ಎಂಜಿನಿಯರ್ ಬ್ಯೂಖಿ

ಇಂದಿನ ಕಾರುಗಳ ಬೆನ್ನ ಮೇಲೆ ಮಿನುಗುವ ‘ಟರ್ಬೊ’ ಎಂಬ ಪದದ ಹಿಂದೆ ಸ್ವಿಸ್ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ ಅವರ ಎರಡು ದಶಕಗಳ ಹಟವಿದೆ.

1879ರಲ್ಲಿ ವಿಂಟರ್‌ಥೂರ್ ನಗರದಲ್ಲಿ ಜನಿಸಿದ ಬ್ಯೂಖಿ, ಜ್ಯೂರಿಕ್‌ನಲ್ಲಿ ತಾಂತ್ರಿಕ ಶಿಕ್ಷಣ ಪಡೆದರು. ಇಂಧನದ ಶಾಖದಲ್ಲಿ ದೊಡ್ಡ ಪಾಲು ಹೊಗೆಕೊಳವೆಯ ಮೂಲಕ ಪೋಲಾಗುವುದು ಅವರನ್ನು ಕಾಡಿತು. ಆ ಬಿಸಿ ಹೊಗೆಯಿಂದಲೇ ಟರ್ಬೈನ್ ತಿರುಗಿಸಿ, ಅದರ ಬಲದಿಂದ ಗಾಳಿಯನ್ನು ಒತ್ತಿ ಎಂಜಿನ್‌ಗೆ ತುಂಬುವ ವಿಧಾನಕ್ಕೆ 1905ರಲ್ಲಿ ಪೇಟೆಂಟ್ ಅರ್ಜಿ ಸಲ್ಲಿಸಿದರು. ಆಗ ಅವರ ವಯಸ್ಸು 26.

ಕಾಗದದ ಮೇಲೆ ಸುಲಭವೆನಿಸಿದ್ದು ಕಾರ್ಖಾನೆಯಲ್ಲಿ ಕೈಗೂಡಲಿಲ್ಲ. ಸುಲ್ಜರ್ ಸಂಸ್ಥೆಯಲ್ಲಿ ನಡೆದ ಪ್ರಯೋಗಗಳು ನಿರೀಕ್ಷಿತ ಫಲ ನೀಡಲಿಲ್ಲ. ಒಂದು ಸಿಲಿಂಡರಿನ ಹೊಗೆ ಇನ್ನೊಂದರ ಉಸಿರಿಗೆ ಅಡ್ಡಿಯಾಗದಂತೆ ಕೊಳವೆಗಳನ್ನು ಬೇರ್ಪಡಿಸುವ ಉಪಾಯ 1925ರಲ್ಲಿ ಹೊಳೆದ ಮೇಲೆಯೇ ದಾರಿ ತೆರೆಯಿತು. ಜರ್ಮನಿಯ ‘ಪ್ರೊಯ್ಸೆನ್’ ಹಾಗೂ ‘ಹಾನ್ಸೆಷ್ಟಾಟ್ ಡಾನ್‌ಜಿಗ್’ ಹಡಗುಗಳ ಡೀಸೆಲ್ ಎಂಜಿನ್‌ಗಳ ಸಾಮರ್ಥ್ಯ 1,750ರಿಂದ 2,500 ಅಶ್ವಶಕ್ತಿಗೆ ಏರಿತು. ಅದೂ ಸಿಲಿಂಡರ್‌ಗಳ ಸಂಖ್ಯೆ ಹೆಚ್ಚಿಸದೆ!

ಬ್ಯೂಖಿ 1959ರಲ್ಲಿ ನಿಧನರಾದರು. ಟರ್ಬೊ ಅಳವಡಿಸಿದ ಕಾರುಗಳು ಅಮೆರಿಕದ ಮಾರುಕಟ್ಟೆಗೆ ಬಂದದ್ದು 1962ರಲ್ಲಿ. ಅದನ್ನು ನೋಡುವ ಭಾಗ್ಯ ಅವರಿಗಿರಲಿಲ್ಲ.

ಈಗ ಅನೇಕ ಎಂಜಿನ್‌ಗಳಲ್ಲಿ ಒಳಬರುವ ಗಾಳಿಯ ತೂಕವನ್ನು ಕಾದ ತಂತಿಯ ಸೆನ್ಸರ್ ಅಳೆಯುತ್ತದೆ. ಗಾಳಿ ಹೆಚ್ಚಿದಷ್ಟೂ ತಂತಿ ತಣಿಯುತ್ತದೆ. ಅದನ್ನು ಬಿಸಿಯಾಗಿಡಲು ಬೇಕಾಗುವ ವಿದ್ಯುತ್ತೇ ಅಳತೆಗೋಲು. ಆದರೆ ಟರ್ಬೊ ಒತ್ತಿದ ಗಾಳಿ ನಡುದಾರಿಯ ಕೊಳವೆಯಲ್ಲಿ ಸೋರಿದರೆ, ಲೆಕ್ಕಕ್ಕೆ ಸಿಕ್ಕಷ್ಟು ಗಾಳಿ ಎಂಜಿನ್ ಸೇರುವುದಿಲ್ಲ. ಪೆಟ್ರೋಲ್ ಎಂಜಿನ್‌ನಲ್ಲಿ ಆಗ ಇಂಧನ ಅತಿಯಾಗಿ, ಹೊಗೆ ಕಪ್ಪಾಗುತ್ತದೆ. ಇಂತಹ ಸಂದರ್ಭದಲ್ಲಿ ಸೆನ್ಸರ್ ಬದಲಿಸುವುದಕ್ಕಿಂತ ಮೊದಲು ಕೊಳವೆಗಳನ್ನು ಪರೀಕ್ಷಿಸುವುದು ಸೂಕ್ತ.