ಮೊದಲು ಯಾವ ಕೆಲಸ? ಸರ್ ಎಂ.ವಿ. ಅವರ ಬ್ಯಾಕ್‌ಲಾಗ್

ನಮ್ಮ ಕ್ಯಾಂಪಸ್ಸಿನಾಗ ಬ್ಯಾಕ್‌ಲಾಗ್ ಅಂದ್ರೆ ಒಂದೇ ಅರ್ಥ: ಹೋದ ಸೆಮಿಸ್ಟರ್‌ನಾಗ ಉಳಿದ ಸಬ್ಜೆಕ್ಟ್. ಆದರೆ ಸಾಫ್ಟ್‌ವೇರ್ ತಂಡಗಳಲ್ಲಿ ಬ್ಯಾಕ್‌ಲಾಗ್ ಅಂದ್ರೆ ಮುಂದೆ ಮಾಡಬೇಕಾದ ಕೆಲಸಗಳ ಪಟ್ಟಿ. ವಾರಕ್ಕೊಮ್ಮೆಯೋ ಎರಡು ವಾರಕ್ಕೊಮ್ಮೆಯೋ ತಂಡ ಕೂತು ಆ ಪಟ್ಟಿಯನ್ನು ಹಸನು ಮಾಡುತ್ತದೆ. ದೊಡ್ಡದನ್ನು ಒಡೆದು ಸಣ್ಣದು ಮಾಡುವುದು, ಬೇಡದ್ದನ್ನು ತೆಗೆಯುವುದು, ಯಾವುದು ಮೊದಲು ಯಾವುದು ಆಮೇಲೆ ಅಂತ ಗೊತ್ತುಮಾಡುವುದು. ಕೋಡ್ ಬರೆಯೋದಕ್ಕಿಂತ ಇದೇ ಕಷ್ಟ. ಲಕಮನಹಳ್ಳಿಯಿಂದ ದಿನಾ ಬಸ್ಸು ಹಿಡಿದು ಬರುವಾಗ ನಮ್ಮ ಪ್ರಾಜೆಕ್ಟ್ ಪಟ್ಟಿ ನೋಡಿಕೊಂಡು ನಾನೂ ಬಹಳ ಸಲ ತಲೆ ಕೆರೆದುಕೊಂಡಿದ್ದೇನೆ. ಎಲ್ಲದರ ಮುಂದೂ ಅರ್ಜೆಂಟ್ ಅಂತ ಬರೆದಿರುತ್ತೆ.

ಈ ಕಷ್ಟಕ್ಕೆ ಉತ್ತರ ಹುಡುಕುತ್ತಾ ನಾನು ಹೋಗಿ ನಿಂತದ್ದು ನಮ್ಮಲ್ಲಿ ಬಹಳ ಮಂದಿಯ ಮಾರ್ಕ್ಸ್ ಕಾರ್ಡ್ ಮೇಲೆ ಇರುವ ಹೆಸರಿನ ಹತ್ತಿರ: ಮೋಕ್ಷಗುಂಡಂ ವಿಶ್ವೇಶ್ವರಯ್ಯ. ಅಜೈಲ್ ಅನ್ನೋ ಪದ ಸಾಫ್ಟ್‌ವೇರ್ ಜಗತ್ತಿನಲ್ಲಿ ನೆಲೆಗೊಂಡಿದ್ದು 2001ರಲ್ಲಿ. ಅದಕ್ಕೆ ನೂರು ವರ್ಷ ಮೊದಲೇ ಅವರು ಈ ಪಾಠ ಕಲಿತಿದ್ದರು.

ಊರು ಮುದ್ದೇನಹಳ್ಳಿ. ಚಿಕ್ಕ ವಯಸ್ಸಿನಲ್ಲೇ ತಂದೆ ತೀರಿಕೊಂಡರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮಕ್ಕಳಿಗೆ ಪಾಠ ಹೇಳಿಕೊಟ್ಟು ಖರ್ಚು ನೀಗಿಸಿಕೊಂಡರು. ಆಮೇಲೆ ಪುಣೆಯಲ್ಲಿ ಎಂಜಿನಿಯರಿಂಗ್ ಮುಗಿಸಿ ಮುಂಬೈ ಪ್ರಾಂತದ ಲೋಕೋಪಯೋಗಿ ಇಲಾಖೆ ಸೇರಿದರು. ಆಗ ನಮ್ಮ ಧಾರವಾಡವೂ ಅದೇ ಪ್ರಾಂತದಾಗಿತ್ತು.

ಮೊದಲ ದೊಡ್ಡ ಪರೀಕ್ಷೆ ಎದುರಾದದ್ದು 1890ರ ದಶಕದಲ್ಲಿ, ಸಿಂಧ್‌ನ ಸಕ್ಕರ್ ಊರಿನಲ್ಲಿ. ಪಕ್ಕದಲ್ಲೇ ಸಿಂಧೂ ನದಿ, ಆದರೆ ನೀರು ಬರೀ ಕೆಸರು. ಸೋಸುವ ಘಟಕ ಕಟ್ಟೋಣ ಅಂದ್ರೆ ಮುನಿಸಿಪಾಲಿಟಿ ಹತ್ತಿರ ದುಡ್ಡಿಲ್ಲ. ಘಟಕ ಕಟ್ಟಲು ದುಡ್ಡು ಬರಲಿ ಅಂತ ಕಾಯ್ದಿದ್ದರೆ ಊರು ಕೆಸರು ನೀರನ್ನೇ ಕುಡಿಯುತ್ತಿತ್ತು. ವಿಶ್ವೇಶ್ವರಯ್ಯ ಬೇಡಿಕೆಯನ್ನೇ ಬಿಚ್ಚಿ ನೋಡಿದರು. ಊರಿಗೆ ಬೇಕಾದದ್ದು ಘಟಕ ಅಲ್ಲ, ಶುದ್ಧ ನೀರು. ನದಿಯ ಪಾತ್ರದಲ್ಲೇ ಬಾವಿ ತೋಡಿಸಿ, ಮರಳಿನ ಪದರದೊಳಗಿಂದ ತಾನಾಗಿಯೇ ಸೋಸಿಕೊಂಡು ಬರುವ ನೀರನ್ನು ಹಿಡಿದು ಪಂಪ್ ಮಾಡಿಸಿದರು. ನಾವು ಪ್ರಾಜೆಕ್ಟ್ ಶುರು ಮಾಡುವಾಗ ಫೀಚರ್‌ಗಳ ಹೆಸರು ಬರೆಯುತ್ತೇವೆ, ಅದು ಯಾರ ಯಾವ ತೊಂದರೆಗೆ ಅಂತ ಬರೆಯೋದಿಲ್ಲ. ಸಕ್ಕರ್‌ನ ಪಾಠ ಅದೇ.

ಎರಡನೆಯ ಪಾಠ ಪುಣೆ ಹತ್ತಿರದ ನೀರಾ ಕಾಲುವೆಯದ್ದು. ಕಾಲುವೆಯ ನೀರು ಇರುವುದು ಇಷ್ಟೇ, ಕಬ್ಬು ಬೆಳೆಯುವ ಆಸೆ ಎಲ್ಲರಿಗೂ. ಕಾಲುವೆ ಹತ್ತಿರದವರಿಗೆ ನೀರೋ ನೀರು, ದೂರದ ಹಳ್ಳಿಗಳಿಗೆ ಒಣ ನೆಲ. 1899ರ ಸುಮಾರಿಗೆ ಅವರು ಬ್ಲಾಕ್ ಪದ್ಧತಿ ತಂದರು. ಜಮೀನನ್ನು ಬ್ಲಾಕುಗಳಾಗಿ ವಿಂಗಡಿಸಿ, ಹೆಚ್ಚು ನೀರು ಕುಡಿಯುವ ಬೆಳೆ, ಮಧ್ಯಮ ಬೆಳೆ, ಕಡಿಮೆ ನೀರಿನ ಬೆಳೆ ಸರದಿಯ ಮೇಲೆ ಬರುವ ಹಾಗೆ ಮಾಡಿದರು. ರೈತರು ಮೊದಲು ಅನುಮಾನಪಟ್ಟರು, ಆಮೇಲೆ ಒಪ್ಪಿದರು. ತಂಡದ ಶಕ್ತಿಯೂ ಕಾಲುವೆಯ ನೀರಿನ ಹಾಗೆ. ಯಾರ ದನಿ ಜೋರೋ ಅವರ ಕೆಲಸಕ್ಕೇ ಎಲ್ಲಾ ನೀರು ಹರಿಸಿದರೆ ಉಳಿದದ್ದು ಒಣಗುತ್ತದೆ.

1909ರಲ್ಲಿ ಅವರು ಮೈಸೂರಿನ ಮುಖ್ಯ ಎಂಜಿನಿಯರ್ ಆದರು. ಕನ್ನಂಬಾಡಿ ಕಥೆ ಶುರುವಾದದ್ದು ಇಲ್ಲಿಂದ. ಕಾವೇರಿಗೆ ಅಣೆಕಟ್ಟು ಕಟ್ಟಿದರೆ ಮಂಡ್ಯದ ಹೊಲಗಳಿಗೆ ನೀರು, ಶಿವನಸಮುದ್ರದ ವಿದ್ಯುತ್ ಕೇಂದ್ರಕ್ಕೆ ಬೇಸಿಗೆಯಲ್ಲೂ ನೀರು, ಕೋಲಾರದ ಚಿನ್ನದ ಗಣಿಗಳಿಗೆ ನಿಲ್ಲದ ಕರೆಂಟು. ಆದರೆ ಖರ್ಚು ನೋಡಿ ಸರ್ಕಾರದವರೇ ಹಿಂಜರಿದರು. ಕೊನೆಗೆ ನಾಲ್ವಡಿ ಕೃಷ್ಣರಾಜ ಒಡೆಯರ್ ಒಪ್ಪಿಗೆ ಕೊಟ್ಟು 1911ರಲ್ಲಿ ಕೆಲಸ ಶುರುವಾಯಿತು. ಅತ್ತ ಮದ್ರಾಸ್ ಸರ್ಕಾರದ ತಕರಾರು. ಮೈಸೂರು ಕೇಳಿದ್ದು 41.5 ಟಿಎಂಸಿ ಸಂಗ್ರಹ, ಸಿಕ್ಕಿದ್ದು ಬರೀ 11 ಟಿಎಂಸಿಗೆ ಅನುಮತಿ.

ಇಂಥ ಹೊತ್ತಿನಲ್ಲಿ ನಾವಾದರೆ ಎರಡರಲ್ಲಿ ಒಂದು ಮಾಡುತ್ತಿದ್ದೆವು: ಪೂರ್ತಿ ಸಿಗೋತನಕ ಕೈಕಟ್ಟಿ ಕೂರುವುದು, ಇಲ್ಲಾ ಸಿಕ್ಕಷ್ಟಕ್ಕೇ ಕೈತೊಳೆದುಕೊಳ್ಳುವುದು. ಅವರು ಎರಡನ್ನೂ ಮಾಡಲಿಲ್ಲ. ಮೊದಲ ಹಂತವನ್ನು ಕಟ್ಟುತ್ತಾ ಹೋದರು, ಆದರೆ ಅಡಿಪಾಯವನ್ನು ಮಾತ್ರ ಪೂರ್ಣ ಎತ್ತರಕ್ಕೆ ತಾಳುವ ಹಾಗೆ ಹಾಕಿಸಿದರು. ಸಿಮೆಂಟಿನ ಬದಲು ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ ಸುರ್ಕಿ ಗಾರೆ ಬಳಸಿದರು. ಸಾವಿರಾರು ಕೂಲಿಕಾರರು ಮಲೇರಿಯಾದ ನಡುವೆಯೂ ದುಡಿದರು. 1924ರಲ್ಲಿ ಮದ್ರಾಸಿನ ಜೊತೆ ಒಪ್ಪಂದವಾದ ಮೇಲೆ ಅದೇ ಅಡಿಪಾಯದ ಮೇಲೆ ಅಣೆಕಟ್ಟು ತನ್ನ ಪೂರ್ಣ ಎತ್ತರ ಮುಟ್ಟಿತು. ಈಗ ಮಾಡುವುದು ಸಣ್ಣದಾಗಿರಲಿ, ಆದರೆ ನಾಳೆಯ ಬಾಗಿಲು ಮುಚ್ಚಬಾರದು. ನಮ್ಮ ಡೇಟಾಬೇಸ್ ಡಿಸೈನ್ ಮಾಡುವಾಗ ಇದನ್ನು ನೆನೆಸಿಕೊಳ್ರಿ.

ಇಲ್ಲಿಗೇ ನಿಲ್ಲಿಸಿದರೆ ಇದು ಸೆಪ್ಟೆಂಬರ್ 15ರ ಎಂಜಿನಿಯರ್ಸ್ ಡೇ ಭಾಷಣ ಆಗುತ್ತೆ. ಇನ್ನೂ ಒಂದು ಪಾಠ ಉಳಿದಿದೆ, ಅದು ಸ್ವಲ್ಪ ಕಹಿ.

ಪಟ್ಟಿಯಲ್ಲಿ ಒಂದನ್ನು ಮೇಲೆ ಹಾಕಿದರೆ ಇನ್ನೊಂದು ಕೆಳಗೆ ಹೋಗಲೇಬೇಕು. ಅಣೆಕಟ್ಟಿನ ನೀರಿನಲ್ಲಿ ಹಳೆಯ ಕನ್ನಂಬಾಡಿ ಊರೇ ಮುಳುಗಿತು. 1912ರಿಂದ ದಿವಾನರಾಗಿದ್ದ ವಿಶ್ವೇಶ್ವರಯ್ಯ ಮೈಸೂರು ಬ್ಯಾಂಕು, ಕನ್ನಡ ಸಾಹಿತ್ಯ ಪರಿಷತ್ತು, ಮೈಸೂರು ವಿಶ್ವವಿದ್ಯಾಲಯ, ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಹೀಗೆ ಒಂದರ ಮೇಲೊಂದು ಕೆಲಸಕ್ಕೆ ಕೈಹಾಕಿದರು. ಆದರೆ ಸರ್ಕಾರಿ ಕೆಲಸಗಳಲ್ಲಿ ಹಿಂದುಳಿದ ವರ್ಗದವರಿಗೆ ಪಾಲು ಬೇಕು ಅನ್ನೋ ಬೇಡಿಕೆ ಎದ್ದಾಗ ಅವರು ಅದನ್ನು ಮೇಲೆ ತರಲಿಲ್ಲ. ಅವರ ಲೆಕ್ಕದಲ್ಲಿ ಅರ್ಹತೆ, ದಕ್ಷತೆ ಮೊದಲು. ಶಿಕ್ಷಣ ಹರಡಿದರೆ ಉಳಿದದ್ದು ತಾನಾಗಿಯೇ ಆಗುತ್ತದೆ ಅನ್ನೋ ನಂಬಿಕೆ. ಮಹಾರಾಜರ ಲೆಕ್ಕ ಬೇರೆ ಇತ್ತು. 1918ರಲ್ಲಿ ಅವರು ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಅದೇ ವರ್ಷದ ಕೊನೆಗೆ ವಿಶ್ವೇಶ್ವರಯ್ಯ ದಿವಾನಗಿರಿ ಬಿಟ್ಟರು. ಸಮಿತಿಯ ಶಿಫಾರಸಿನಿಂದ ಮೈಸೂರಿನಲ್ಲಿ ಮೀಸಲಾತಿಗೆ ದಾರಿಯಾಯಿತು. ಇವತ್ತು ನಮ್ಮ ಕ್ಲಾಸಿನಾಗ ಕೂತ ಎಷ್ಟೋ ಮಂದಿ ಆ ದಾರಿಯಲ್ಲೇ ನಡೆದು ಬಂದವರು.

ನೀರಾ ಕಾಲುವೆಯಲ್ಲಿ ದೂರದ ಹಳ್ಳಿಗೂ ನೀರು ಮುಟ್ಟಬೇಕು ಅಂತ ಸರದಿ ಹಾಕಿದ ಅದೇ ಮನುಷ್ಯನಿಗೆ, ಕಾಲುವೆಯ ಕೊನೆಗೆ ಕೂತ ಜನರ ಸರದಿ ಕಾಯಬಹುದಾದ ವಿಷಯವಾಗಿ ಕಂಡಿತು. ಎಂಥ ಜಾಣರಿಗೂ ತಮಗೆ ಕಾಣುವಷ್ಟೇ ಪಟ್ಟಿ. ಅದಕ್ಕೇ ಪಟ್ಟಿಯನ್ನು ಒಬ್ಬರೇ ಕೂತು ಜೋಡಿಸಬಾರದು.

1955ರಲ್ಲಿ ಭಾರತರತ್ನ ಬಂತು. 1962ರಲ್ಲಿ, ನೂರು ತುಂಬಿದ ಮೇಲೆ, ಅವರು ತೀರಿಕೊಂಡರು. ಅವರ ದುಡಿಮೆ, ಶಿಸ್ತು, ಟೈಮಿನ ಕಥೆಗಳು ನಮಗೆಲ್ಲ ಗೊತ್ತು. ಮುಂದಿನ ವಾರ ನಿಮ್ಮ ತಂಡ ಪಟ್ಟಿ ಹಿಡಿದು ಕೂತಾಗ ಎಲ್ಲಕ್ಕಿಂತ ಕೆಳಗಿನ ಸಾಲನ್ನು ಒಮ್ಮೆ ಓದ್ರಿ. ಅದು ಯಾಕೆ ಅಲ್ಲಿದೆ, ಯಾರು ಅಲ್ಲಿ ಹಾಕಿದರು, ಅದಕ್ಕಾಗಿ ಕಾಯ್ತಾ ಇರೋರು ಯಾರು ಅಂತ ಕೇಳ್ರಿ. ಆಮೇಲೆ ಬೇಕಾದರೆ ಅಲ್ಲೇ ಬಿಡ್ರಿ.